ಮಾರ್ಚ್ 31, ಭಾನುವಾರ: ದೊಡ್ಡಪ್ಪನ ಲೆಕ್ಕದಲ್ಲಿ ಜಾಸ್ತಿ ಬಂದ 14,516 ರೂಪಾಯಿ

2024ರ ಏಪ್ರಿಲ್ ತಿಂಗಳ ಕೊನೆ. ತಿಪಟೂರಿನಿಂದ ದೊಡ್ಡಪ್ಪ ಫೋನ್ ಮಾಡಿದರು. "ಪುಟ್ಟಿ, ಕಂಪ್ಯೂಟರ್ ಒಂದು ಹೇಳುತ್ತೆ, ಡಿಮ್ಯಾಟ್ ಸ್ಟೇಟ್‌ಮೆಂಟ್ ಇನ್ನೊಂದು ಹೇಳುತ್ತೆ. ಮೂರು ದಿನದಿಂದ ಕೂಡಿ ಕಳೆದು ಸಾಕಾಯ್ತು. ನಾನೆಲ್ಲಿ ತಪ್ಪಿದೆ ನೋಡಮ್ಮ."

ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಮನೆಯ ಲೆಕ್ಕವನ್ನೆಲ್ಲ ಗ್ನೂಕ್ಯಾಶ್‌ನಲ್ಲಿ ಬರೆದಿಡುತ್ತಾರೆ. ದುಡ್ಡು ಕೊಡದೆ ಸಿಗುವ ತಂತ್ರಾಂಶ ಅದು, 1998ರಿಂದ ಇದೆ. ಜಮಾ ಖರ್ಚು ಎರಡೂ ಕಡೆ ಬೀಳುವ ಪದ್ಧತಿ ಆದ್ದರಿಂದ ಅವರಿಗೆ ಅದರ ಮೇಲೆ ನಂಬಿಕೆ ಜಾಸ್ತಿ. ಹಾಲಿನವನ ಬಾಕಿಯಿಂದ ಹಿಡಿದು ಮ್ಯೂಚುವಲ್ ಫಂಡ್‌ವರೆಗೆ ಎಲ್ಲವೂ ಅಲ್ಲಿದೆ. ನಾನು ಬೆಂಗಳೂರಿನಲ್ಲಿ ಒಂದು ಚಿಕ್ಕ ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹಾಗಾಗಿ ಇಂಥ ಫೋನ್ ನನಗೇ ಬರುತ್ತದೆ.

ಈ ಸಲ ಅವರಿಗೆ ಅವಸರವೂ ಇತ್ತು. ತಮ್ಮ ಷೇರು, ಫಂಡುಗಳನ್ನು ಮಗಳಿಗೂ ಮಗನಿಗೂ ಸಮನಾಗಿ ಹಂಚಬೇಕೆಂದು ತೀರ್ಮಾನಿಸಿದ್ದರು. ಅದಕ್ಕೆ ಆರ್ಥಿಕ ವರ್ಷದ ಕೊನೆಯ ದಿನದ, ಅಂದರೆ 2024ರ ಮಾರ್ಚ್ 31ರ ಬೆಲೆ ಹಿಡಿಯಬೇಕು ಎಂದು ಅವರ ಆಸೆ. ಗ್ನೂಕ್ಯಾಶ್ ಒಟ್ಟು 6,18,381.84 ರೂಪಾಯಿ ತೋರಿಸಿತು. ಡಿಪಾಸಿಟರಿಯಿಂದ, ಅಂದರೆ ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆಯಿಂದ, ಬಂದ ಸ್ಟೇಟ್‌ಮೆಂಟಿನಲ್ಲಿ 6,03,865.75 ಇತ್ತು. ವ್ಯತ್ಯಾಸ 14,516.09.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಕೈಯಲ್ಲಿರುವ ಷೇರು, ಫಂಡುಗಳ ಹೆಸರು ಬಿಟ್ಟಿದ್ದೇನೆ. ಲೆಕ್ಕಕ್ಕೆ ಹೆಸರು ಬೇಕಾಗಿಲ್ಲ.

ಮೊದಲು ನೋಡಿದ್ದು ಸಂಖ್ಯೆಯನ್ನು

ಇಂಥ ತಕರಾರು ಬಂದಾಗ ಮೊದಲು ಬೆಲೆಗೆ ಕೈ ಹಾಕಬಾರದು. ಎಷ್ಟು ಷೇರು, ಎಷ್ಟು ಯೂನಿಟ್ ಅನ್ನುವುದು ತಾಳೆಯಾಗುತ್ತದಾ ನೋಡಬೇಕು. ನಾನು ಶನಿವಾರ ತಿಪಟೂರಿಗೆ ಹೋದೆ. ದೊಡ್ಡಮ್ಮ ಕೊಟ್ಟ ಕಾಫಿ ಮುಗಿಯುವುದರೊಳಗೆ ಆ ಕೆಲಸ ಆಗಿಹೋಯಿತು. ಒಂದು ಸಣ್ಣ ಕಂಪನಿಯ 600 ಷೇರು. ಸಿಮೆಂಟ್ ಕಂಪನಿಯ 120 ಷೇರು. ಷೇರುಗಳಲ್ಲಿ ದುಡ್ಡು ಹಾಕುವ ಈಕ್ವಿಟಿ ಫಂಡಿನ 2,940.500 ಯೂನಿಟ್. ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡು ಹಾಕುವ ಒಂದು ಲಿಕ್ವಿಡ್ ಫಂಡ್. ನಾಲ್ಕೂ ಎರಡೂ ಕಡೆ ಒಂದೇ. ಲಿಕ್ವಿಡ್ ಫಂಡಿನ ಮೊತ್ತವೂ ಪೈಸೆಗೆ ಪೈಸೆ ಕೂಡಿತು, 1,12,730.20.

ಹಾಗಾದರೆ ತಪ್ಪು ಬೆಲೆಯಲ್ಲೇ ಇರಬೇಕು. "ಬೆಲೆ ಅಂದ್ರೆ ಬೆಲೆ. ಅದರಲ್ಲಿ ಎಷ್ಟು ಥರ ಇರುತ್ತೆ?" ಎಂದು ದೊಡ್ಡಪ್ಪ ಕೇಳಿದರು.

ನಾನು ತಿರುಗಿ ಕೇಳಿದೆ. "ಇವತ್ತು ಕೊಬ್ಬರಿ ರೇಟ್ ಎಷ್ಟು ದೊಡ್ಡಪ್ಪ?"

ತಿಪಟೂರಿನವರಿಗೆ ಈ ಪ್ರಶ್ನೆಗೆ ಯೋಚನೆಯೇ ಬೇಡ. ಅವರು ಬಾಯಿ ತೆರೆದರು, ಆಮೇಲೆ ಸುಮ್ಮನಾದರು. ಎಪಿಎಂಸಿಯ ಪಟ್ಟಿಯಲ್ಲಿ ಒಂದೇ ದಿನಕ್ಕೆ ಮೂರು ಬೆಲೆ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ಬೆಲೆ). ಮೂರೂ ನಿಜವೇ. ಸಾಲ ಕೊಡುವವನು ಕನಿಷ್ಠ ನೋಡುತ್ತಾನೆ. ಮಾರಲು ಹೊರಟವನು ಗರಿಷ್ಠದ ಮಾತಾಡುತ್ತಾನೆ. ಪೇಪರಿನವರು ಮಾದರಿ ಬೆಲೆ ಬರೆಯುತ್ತಾರೆ. ಯಾವುದು ಅಂತ ಹೇಳದೆ "ರೇಟ್ ಇಷ್ಟು" ಅಂದರೆ ಅರ್ಧ ಮಾತು ಹೇಳಿದ ಹಾಗೆ. ಷೇರಿನ ಬೆಲೆಯೂ ಇದೇ ಥರ.

ಬೆಲೆಯ ಪಟ್ಟಿ ತೆರೆದಾಗ

ಗ್ನೂಕ್ಯಾಶ್‌ನಲ್ಲಿ ಟೂಲ್ಸ್ ಮೆನುವಿನೊಳಗೆ ಪ್ರೈಸ್ ಡೇಟಾಬೇಸ್ ಅಂತ ಇದೆ. ತಂತ್ರಾಂಶಕ್ಕೆ ಗೊತ್ತಿರುವ ಎಲ್ಲ ಬೆಲೆಗಳೂ ಅಲ್ಲಿ ಸಾಲಾಗಿ ಕೂತಿರುತ್ತವೆ. ಪ್ರತಿ ಸಾಲಿನಲ್ಲೂ ಷೇರಿನ ಹೆಸರು, ಕರೆನ್ಸಿ, ತಾರೀಖು, ಮೂಲ, ವಿಧ, ಬೆಲೆ. ವರ್ಷಗಟ್ಟಲೆ ಗ್ನೂಕ್ಯಾಶ್ ಬಳಸಿದವರು ಕೂಡ ಈ ಪಟ್ಟಿಯನ್ನು ತೆರೆದು ನೋಡಿರುವುದಿಲ್ಲ. ದೊಡ್ಡಪ್ಪನೂ ಹೊಸ ಬೆಲೆ ಸೇರಿಸಲು ಮಾತ್ರ ತೆರೆದಿದ್ದರು, ಹಳೆಯದನ್ನು ಓದಲು ಅಲ್ಲ.

ವಿಧ ಅನ್ನುವ ಜಾಗದಲ್ಲಿ ಆರಿಸಿಕೊಳ್ಳಲು ಐದು ಇವೆ. ಬಿಡ್ ಅಂದರೆ ಕೊಳ್ಳುವವನು ಕೂಗಿದ ಬೆಲೆ. ಆಸ್ಕ್ ಅಂದರೆ ಮಾರುವವನು ಕೇಳುತ್ತಿರುವ ಬೆಲೆ. ಲಾಸ್ಟ್ ಅಂದರೆ ಕೊನೆಗೆ ವ್ಯಾಪಾರ ಕುದುರಿದ ಬೆಲೆ. ನೆಟ್ ಅಸೆಟ್ ವ್ಯಾಲ್ಯೂ, ನಾವೆಲ್ಲ ಎನ್‌ಎವಿ ಅನ್ನುವುದು, ಫಂಡಿನ ಒಂದು ಯೂನಿಟ್ಟಿನ ಬೆಲೆ. ಐದನೆಯದು ಅನ್‌ನೋನ್, ಗೊತ್ತಿಲ್ಲ. ಇವಲ್ಲದೆ, ಖಾತೆಯಲ್ಲಿ ಕೊಂಡಿದ್ದನ್ನೋ ಮಾರಿದ್ದನ್ನೋ ಬರೆದರೆ ತಂತ್ರಾಂಶ ತಾನೇ ಭಾಗಿಸಿ ಒಂದು ಬೆಲೆ ಸೇರಿಸುತ್ತದೆ. ಅದಕ್ಕೆ ಟ್ರಾನ್ಸಾಕ್ಷನ್ ಅಂತ ಹೆಸರು.

ಒಂದು ಕೊರತೆ ಗಮನಿಸಿ. "ಕ್ಲೋಸಿಂಗ್", ಅಂದರೆ ದಿನದ ವ್ಯಾಪಾರ ಮುಗಿದ ಮೇಲೆ ಷೇರುಪೇಟೆ ಪ್ರಕಟಿಸುವ ಬೆಲೆ, ಅನ್ನುವ ವಿಧ ಈ ಪಟ್ಟಿಯಲ್ಲೇ ಇಲ್ಲ. ನಮ್ಮ ಸ್ಟೇಟ್‌ಮೆಂಟುಗಳು ನಿಂತಿರುವುದೇ ಕ್ಲೋಸಿಂಗ್ ಬೆಲೆಯ ಮೇಲೆ. ಅದನ್ನು ಲಾಸ್ಟ್ ಅಂತಲೇ ಬರೆಯಬೇಕು, ಆದರೆ ನಮ್ಮಲ್ಲಿ ಅವೆರಡೂ ಬೇರೆ ಬೇರೆ. ಸಿಮೆಂಟ್ ಷೇರಿನ ಹತ್ತಿರ ಬಂದಾಗ ಇದನ್ನು ಹೇಳುತ್ತೇನೆ.

ಸಣ್ಣ ಕಂಪನಿಯ 48 ರೂಪಾಯಿ

ಸಣ್ಣ ಕಂಪನಿಯ ಷೇರಿಗೆ ಮಾರ್ಚ್ 31ರ ತಾರೀಖಿನಲ್ಲಿ 48.00 ಅಂತ ಇತ್ತು. ವಿಧ: ಗೊತ್ತಿಲ್ಲ. ಮೂಲ: ಕೈಯಲ್ಲಿ ಬರೆದದ್ದು.

"ಇದೆಲ್ಲಿಂದ ಬಂತು?" ಎಂದೆ. ದೊಡ್ಡಪ್ಪ ತಮ್ಮ ಡೈರಿ ತಂದರು. ಮಾರ್ಚ್ 28ರ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಸಂಖ್ಯೆ ಇದ್ದವು: 41.20, 48.00. ಬ್ರೋಕರ್ ಆ್ಯಪಿನಲ್ಲಿ ಕೊಳ್ಳುವವರು ಎಡಕ್ಕೆ, ಮಾರುವವರು ಬಲಕ್ಕೆ ಇರುವ ಪಟ್ಟಿ ನೋಡಿ ಬರೆದುಕೊಂಡಿದ್ದು. ಭಾನುವಾರ ಕೂತು ಎರಡನೆಯದನ್ನು ಗ್ನೂಕ್ಯಾಶ್‌ಗೆ ಹಾಕಿದ್ದರು. ತಾರೀಖು ತಂತಾನೇ ಆ ದಿನದ್ದೇ ಬಿತ್ತು.

48 ಅಂದರೆ ಮಾರುವವನ ಆಸೆಯ ಬೆಲೆ. ಆ ಬೆಲೆಗೆ ಆ ದಿನ ಒಬ್ಬರೂ ಕೊಂಡಿರಲಿಲ್ಲ. ಇದು ಬಿಎಸ್‌ಇ ಷೇರುಪೇಟೆಯಲ್ಲಿ ಮಾತ್ರ ಇರುವ, ದಿನಕ್ಕೆ ಕೆಲವೇ ಷೇರು ಕೈಬದಲಾಗುವ ಕಂಪನಿ. ಆವತ್ತಿನ ಕ್ಲೋಸಿಂಗ್ 42.10. ಒಂದು ಷೇರಿಗೆ 5.90 ಜಾಸ್ತಿ. 600 ಷೇರಿಗೆ 3,540 ರೂಪಾಯಿ.

ದೊಡ್ಡ ಕಂಪನಿಯ ಷೇರಿನಲ್ಲಿ ಬಿಡ್‌ಗೂ ಆಸ್ಕ್‌ಗೂ ಅಂತರ ಸಾಮಾನ್ಯವಾಗಿ ತೀರಾ ಕಡಿಮೆ. ಅಲ್ಲಿ ಯಾವುದನ್ನು ಬರೆದರೂ ನಡೆದೀತು. ವ್ಯಾಪಾರ ಕಡಿಮೆ ಇರುವ ಷೇರಿನಲ್ಲಿ ಹಾಗಲ್ಲ. ಇಲ್ಲಿ ಅಂತರವೇ 6.80. ಬೆಲೆಯ ವಿಧ ಅನ್ನುವುದು ನಿಜವಾಗಿ ಬೇಕಾಗುವುದು ಇಂಥ ಷೇರುಗಳಿಗೇ.

ಫಂಡಿನ ಬೆಲೆ ಏಪ್ರಿಲ್‌ನಿಂದ ಬಂದಿತ್ತು

ಈಕ್ವಿಟಿ ಫಂಡಿಗೆ ಆನ್‌ಲೈನ್‌ನಲ್ಲಿ ಬೆಲೆ ತರಿಸುವ ಏರ್ಪಾಡನ್ನು ದೊಡ್ಡಪ್ಪ ಮಾಡಿರಲಿಲ್ಲ. ಪ್ರತಿ ತಿಂಗಳು 5ರಂದು ಹತ್ತು ಸಾವಿರದ ಎಸ್‌ಐಪಿ, ಅಂದರೆ ಫಂಡಿಗೆ ಕಟ್ಟುವ ಕಂತು, ಹೋಗುತ್ತದೆ. ಅದನ್ನು ಬರೆದಾಗ ಬೀಳುವ ಟ್ರಾನ್ಸಾಕ್ಷನ್ ಬೆಲೆ ಮಾತ್ರ ಪಟ್ಟಿಯಲ್ಲಿತ್ತು. ಮಾರ್ಚ್ 5ರದ್ದು 82.4538. ಏಪ್ರಿಲ್ 5ರದ್ದು 85.4044. ನಡುವೆ ಏನೂ ಇಲ್ಲ. ವರದಿ ಏಪ್ರಿಲ್ 5ರದ್ದನ್ನು ಹಿಡಿದುಕೊಂಡಿತ್ತು.

ಮಾರ್ಚ್ 31ರ ವರದಿಗೆ ಏಪ್ರಿಲ್‌ನ ಬೆಲೆ ಹೇಗೆ ಬಂತು? ಉತ್ತರ ವರದಿಯ ಆಯ್ಕೆಗಳಲ್ಲಿತ್ತು. ಯಾವ ಬೆಲೆ ಬಳಸಬೇಕು ಅನ್ನುವಲ್ಲಿ "ವರದಿ ದಿನಕ್ಕೆ ತೀರಾ ಹತ್ತಿರದ್ದು" ಅಂತ ಆಗಿತ್ತು. ಹತ್ತಿರ ಅಂದರೆ ಹಿಂದೆಯೂ ಆಗಬಹುದು, ಮುಂದೆಯೂ ಆಗಬಹುದು. ಮಾರ್ಚ್ 5 ಇಪ್ಪತ್ತಾರು ದಿನ ದೂರ. ಏಪ್ರಿಲ್ 5 ಐದೇ ದಿನ. ತಂತ್ರಾಂಶ ಹೇಳಿದ ಕೆಲಸವನ್ನೇ ಮಾಡಿತ್ತು.

ಆ ವರ್ಷ ಇದು ಸುಮಾರು ಜನರಿಗೆ ಆಗಿರಬಹುದು. 2024ರ ಮಾರ್ಚ್ 31 ಭಾನುವಾರ. ಮಾರ್ಚ್ 30 ಶನಿವಾರ. ಮಾರ್ಚ್ 29 ಗುಡ್ ಫ್ರೈಡೇ, ಮಾರುಕಟ್ಟೆಗೆ ರಜೆ. ಕೊನೆಯ ವಹಿವಾಟು ನಡೆದದ್ದು ಗುರುವಾರ, 28ರಂದು. ಮುಂದಿನದು ಸೋಮವಾರ, ಏಪ್ರಿಲ್ 1. ಮಾರ್ಚ್ 31ಕ್ಕೆ ಗುರುವಾರ ಮೂರು ದಿನ ದೂರ, ಸೋಮವಾರ ಒಂದೇ ದಿನ. ಹತ್ತಿರದ್ದನ್ನು ಹಿಡಿ ಅಂದರೆ ಹೊಸ ಆರ್ಥಿಕ ವರ್ಷದ ಬೆಲೆ ಹಳೆಯ ವರ್ಷದೊಳಗೆ ಬಂದು ಕೂರುತ್ತದೆ.

ಫಂಡಿನ ಮಾರ್ಚ್ 28ರ ಎನ್‌ಎವಿ 83.10. ಅದರ ಬದಲು 85.4044 ಬಿದ್ದದ್ದರಿಂದ 6,776.09 ಜಾಸ್ತಿ ಬಂದಿತ್ತು.

ಆ 85.4044ಕ್ಕೂ ಒಂದು ಕಥೆ ಇದೆ. ಏಪ್ರಿಲ್ 5ರಂದು ಫಂಡ್ ಕಂಪನಿ ಪ್ರಕಟಿಸಿದ ಎನ್‌ಎವಿ 85.40 ಮಾತ್ರ. ಹಾಗಾದರೆ ಉಳಿದ 0.0044 ಎಲ್ಲಿಂದ? 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಕೊಳ್ಳುವಾಗ 0.005% ಸ್ಟಾಂಪ್ ಡ್ಯೂಟಿ ಹಿಡಿಯುತ್ತಾರೆ. ಹತ್ತು ಸಾವಿರಕ್ಕೆ 50 ಪೈಸೆ. ಯೂನಿಟ್ ಕೊಡುವುದು ಉಳಿದ 9,999.50ಕ್ಕೆ. ಅವರಿಗೆ ಸಿಕ್ಕಿದ್ದು 117.090 ಯೂನಿಟ್. ದೊಡ್ಡಪ್ಪ ಖಾತೆಯಲ್ಲಿ 10,000 ರೂಪಾಯಿ, 117.090 ಯೂನಿಟ್ ಅಂತ ಬರೆದಿದ್ದರು. ತಂತ್ರಾಂಶ ಭಾಗಿಸಿ 85.4044 ಅಂದಿತು. ಎಲ್ಲ ಯೂನಿಟ್ಟಿಗೂ ಇದನ್ನೇ ಗುಣಿಸಿದರೆ 13 ರೂಪಾಯಿ ಜಾಸ್ತಿ. ದುಡ್ಡು ಸಣ್ಣದು. ಆದರೆ ಈ ಸಂಖ್ಯೆ ದೊಡ್ಡಪ್ಪ ಕೊಟ್ಟ ದರ, ಫಂಡಿನ ಎನ್‌ಎವಿ ಅಲ್ಲ. ನಾವು ಆ ನಮೂದನ್ನು ಎರಡಾಗಿ ಒಡೆದೆವು. 9,999.50 ಫಂಡಿಗೆ, 50 ಪೈಸೆ ಖರ್ಚಿಗೆ. ಆಗ ಬೆಲೆ 85.4001ಕ್ಕೆ ಬಂತು. ಯೂನಿಟ್ಟನ್ನು ಮೂರು ದಶಮಾಂಶಕ್ಕೆ ನಿಲ್ಲಿಸುವುದರಿಂದ ಅಷ್ಟು ಉಳಿಯುತ್ತದೆ.

ಲಿಕ್ವಿಡ್ ಫಂಡ್ ಮಾತ್ರ ಮೊದಲೇ ಸರಿಯಾಗಿ ಕೂಡಿತ್ತಲ್ಲ, ಅದಕ್ಕೂ ಕಾರಣವಿದೆ. ಲಿಕ್ವಿಡ್ ಫಂಡಿಗೆ ಬಡ್ಡಿ ಭಾನುವಾರವೂ ಬೆಳೆಯುತ್ತದೆ, ಎನ್‌ಎವಿ ಭಾನುವಾರವೂ ಬರುತ್ತದೆ. ಮಾರ್ಚ್ 31ರ ಎನ್‌ಎವಿ ಅನ್ನುವುದು ನಿಜವಾಗಿಯೂ ಇತ್ತು. ದೊಡ್ಡಪ್ಪ ಅದನ್ನೇ ಬರೆದಿದ್ದರು.

ಸಿಮೆಂಟ್ ಷೇರು: ಕೊನೆಯದು ಅಂದರೆ ಯಾವಾಗಿನದು?

ಸಿಮೆಂಟ್ ಷೇರಿಗೆ ಆನ್‌ಲೈನ್ ಬೆಲೆ ಬರುತ್ತಿತ್ತು. ಗೆಟ್ ಕೋಟ್ಸ್ ಬಟನ್ ಒತ್ತಿದರೆ ಫೈನಾನ್ಸ್ ಕೋಟ್ ಅನ್ನುವ ಇನ್ನೊಂದು ತಂತ್ರಾಂಶ ಹೋಗಿ ತರುತ್ತದೆ. ಪಟ್ಟಿಯಲ್ಲಿ ಎರಡು ಸಾಲು ಇದ್ದವು. ಮಾರ್ಚ್ 28ಕ್ಕೆ 1,839.20. ಏಪ್ರಿಲ್ 1ಕ್ಕೆ 1,881.00. ಎರಡೂ ಲಾಸ್ಟ್. ಫಂಡಿನ ಹಾಗೆಯೇ ಇಲ್ಲೂ ವರದಿ ಏಪ್ರಿಲ್ 1ನ್ನೇ ಹಿಡಿದಿತ್ತು. ಸ್ಟೇಟ್‌ಮೆಂಟಿನಲ್ಲಿ 1,846.00. ಷೇರಿಗೆ 35 ರೂಪಾಯಿಯಂತೆ 120ಕ್ಕೆ 4,200.

ಮೂರೂ ಕೂಡಿಸಿದೆವು. 3,540, 6,776.09, 4,200. ಒಟ್ಟು 14,516.09. ದೊಡ್ಡಪ್ಪ ಕಾಗದದ ಮೇಲೆ ಎರಡು ಗೆರೆ ಎಳೆದರು, ಶಾಲೆಯಲ್ಲಿ ಉತ್ತರದ ಕೆಳಗೆ ಎಳೆಯುತ್ತಿದ್ದ ಹಾಗೆ.

ವರದಿಯ ಆಯ್ಕೆಯನ್ನು "ವರದಿ ದಿನದವರೆಗಿನ ಕೊನೆಯ ಬೆಲೆ" ಅಂತ ಬದಲಿಸಿದೆ. ಮುಂದಿನ ಬೆಲೆಗಳನ್ನು ಇದು ಮುಟ್ಟುವುದಿಲ್ಲ. ಒಟ್ಟು 6,04,689.60ಕ್ಕೆ ಇಳಿಯಿತು. ಸ್ಟೇಟ್‌ಮೆಂಟಿಗೂ ಇದಕ್ಕೂ ಈಗ 823.85 ಮಾತ್ರ ವ್ಯತ್ಯಾಸ.

"ಸಾಕು ಬಿಡಮ್ಮ. ಆರು ಲಕ್ಷದಲ್ಲಿ ಎಂಟುನೂರು ಏನು ಮಹಾ," ಎಂದರು ದೊಡ್ಡಪ್ಪ.

ನನಗೆ ಸಮಾಧಾನವಾಗಲಿಲ್ಲ. ಈ ಇಡೀ ಪ್ರಕರಣದಲ್ಲಿ ಅಪಾಯ ಇದ್ದದ್ದು ಈ ಸಣ್ಣ ವ್ಯತ್ಯಾಸದಲ್ಲೇ ಅಂತ ನಾನು ಈಗಲೂ ಅಂದುಕೊಂಡಿದ್ದೇನೆ. ಒಂದೊಂದೇ ಬಿಡಿಸಿ ನೋಡಿದೆ. ಸಣ್ಣ ಕಂಪನಿ ಇನ್ನೂ 3,540 ಜಾಸ್ತಿಯೇ ಇತ್ತು. ಫಂಡ್ ಈಗ ಮಾರ್ಚ್ 5ರ ಹಳೇ ಬೆಲೆಗೆ ಹೋಗಿ 1,900.15 ಕಡಿಮೆ ಆಗಿತ್ತು. ಸಿಮೆಂಟ್ ಷೇರು 816 ಕಡಿಮೆ. ಮೂರು ತಪ್ಪು ಸೇರಿ ಒಂದನ್ನೊಂದು ತಿಂದು 823.85 ಆಗಿ ಕಾಣುತ್ತಿದ್ದವು. ಒಂದು ಸಂಖ್ಯೆಯೂ ಸರಿ ಇರಲಿಲ್ಲ, ಒಟ್ಟು ಮಾತ್ರ ಹತ್ತಿರ ಬಂದಿತ್ತು.

ಸಿಮೆಂಟ್ ಷೇರಿನ 816 ಎಲ್ಲಿಂದ ಬಂತು? ಮಾರ್ಚ್ 28ರ ಬೆಲೆಯೇ ಇದೆಯಲ್ಲ, ವಿಧವೂ ಲಾಸ್ಟ್. ದೊಡ್ಡಪ್ಪನಿಗೆ ಆ ದಿನ ನೆನಪಿತ್ತು. ಊಟ ಮುಗಿಸಿ ಮಧ್ಯಾಹ್ನ ಒಂದೂವರೆ ಸುಮಾರಿಗೆ ಗೆಟ್ ಕೋಟ್ಸ್ ಒತ್ತಿದ್ದರು. ಮಾರುಕಟ್ಟೆ ಮುಚ್ಚುವುದು ಮೂರೂವರೆಗೆ. ಹಾಗಾಗಿ 1,839.20 ಆ ಹೊತ್ತಿಗೆ ಕೊನೆಯ ವ್ಯಾಪಾರ, ದಿನದ ಕೊನೆಯದಲ್ಲ. ಪಟ್ಟಿಯಲ್ಲಿ ತಾರೀಖು ಕಾಣುತ್ತದೆ, ಗಂಟೆ ಕಾಣುವುದಿಲ್ಲ. ಸಂಜೆ ಮತ್ತೆ ಒತ್ತಿದ್ದರೆ ಅದೇ ದಿನದ ಸಾಲು ಬದಲಾಗುತ್ತಿತ್ತು.

ಸರಿ, ದಿನದ ಕೊನೆಯ ವ್ಯಾಪಾರ ಎಷ್ಟು? 1,849.50. ಸ್ಟೇಟ್‌ಮೆಂಟಿನಲ್ಲಿರುವುದು 1,846.00. ಇದೂ ಕೂಡುವುದಿಲ್ಲ! ಇಲ್ಲೇ ನಾನು ಆಗಲೇ ಹೇಳಿದ ಕ್ಲೋಸಿಂಗ್ ಬರುವುದು. ಎನ್‌ಎಸ್‌ಇ ಷೇರುಪೇಟೆಯಲ್ಲಿ ಆಗ ಕ್ಲೋಸಿಂಗ್ ಬೆಲೆ ಅಂದರೆ ಮೂರು ಗಂಟೆಯಿಂದ ಮೂರೂವರೆವರೆಗೆ ನಡೆದ ಎಲ್ಲ ವ್ಯಾಪಾರದ ಸರಾಸರಿ. ಅದೂ ಸುಮ್ನೆ ಸರಾಸರಿ ಅಲ್ಲ, ಎಷ್ಟು ಷೇರು ಕೈಬದಲಾಯಿತೋ ಅಷ್ಟು ತೂಕ ಹಾಕಿದ ಸರಾಸರಿ. ಆ ಅರ್ಧ ಗಂಟೆಯಲ್ಲಿ 1,840ಕ್ಕೆ 900 ಷೇರು, ಕೊನೇ ಕ್ಷಣದಲ್ಲಿ 1,850ಕ್ಕೆ 100 ಷೇರು ಮಾರಾಟವಾದವು ಅಂದುಕೊಳ್ಳಿ. ಕೊನೆಯ ವ್ಯಾಪಾರ 1,850. ಕ್ಲೋಸಿಂಗ್ 1,841. ಕೊನೇ ನಿಮಿಷದಲ್ಲಿ ಒಬ್ಬರು ಸ್ವಲ್ಪ ಷೇರು ಕೊಂಡು ಇಡೀ ದಿನದ ಬೆಲೆಯನ್ನು ಎತ್ತಬಾರದು ಅಲ್ವಾ, ಅದಕ್ಕೇ ಈ ಪದ್ಧತಿ. ಬ್ರೋಕರ್ ಆ್ಯಪಿನಲ್ಲಿ ಎಲ್‌ಟಿಪಿ ಅಂತ ಕಾಣುವುದು ಕೊನೆಯ ವ್ಯಾಪಾರದ ಬೆಲೆ. ಮಾರನೆಯ ದಿನ "ನಿನ್ನೆಯ ಬೆಲೆ" ಅಂತ ಹಿಡಿಯುವುದು ಕ್ಲೋಸಿಂಗ್. ಎಕ್ಸ್‌ಚೇಂಜ್ ದಿನವೂ ಹಾಕುವ ಭಾವ್‌ಕಾಪಿ ಅನ್ನುವ ಬೆಲೆಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.

ಹೀಗೆ ಒಂದೇ ಷೇರಿಗೆ ಒಂದೇ ದಿನ ಮೂರು ಬೆಲೆ: 1,839.20, 1,849.50, 1,846.00. ಗ್ನೂಕ್ಯಾಶ್‌ನಲ್ಲಿ ಮೂರಕ್ಕೂ ಹೆಸರು ಲಾಸ್ಟ್.

ವಿಧ ಬರೀ ಚೀಟಿ

ದೊಡ್ಡಪ್ಪ ಆಗ ಒಳ್ಳೆಯ ಪ್ರಶ್ನೆ ಕೇಳಿದರು. "ನಾನು ಆ 48ಕ್ಕೆ ಆಸ್ಕ್ ಅಂತ ಸರಿಯಾಗಿ ಬರೆದಿದ್ದರೆ ತಂತ್ರಾಂಶ ಅದನ್ನು ಬಿಟ್ಟುಬಿಡ್ತಿತ್ತಾ?"

ಇಲ್ಲ. ಪರೀಕ್ಷೆ ಮಾಡಿಯೇ ತೋರಿಸಿದೆ. ವಿಧವನ್ನು ಆಸ್ಕ್ ಮಾಡಿ ವರದಿ ತೆಗೆದೆ, ಬಿಡ್ ಮಾಡಿ ತೆಗೆದೆ, ಲಾಸ್ಟ್ ಮಾಡಿ ತೆಗೆದೆ. ಒಟ್ಟು ಒಂದು ಪೈಸೆಯೂ ಅಲ್ಲಾಡಲಿಲ್ಲ. ಗ್ನೂಕ್ಯಾಶ್ ಬೆಲೆ ಹುಡುಕುವಾಗ ಷೇರು, ಕರೆನ್ಸಿ, ತಾರೀಖು ನೋಡುತ್ತದೆ. ವಿಧವನ್ನು ನೋಡುವುದೇ ಇಲ್ಲ. ಉಪ್ಪಿನಕಾಯಿ ಜಾಡಿಯ ಮೇಲೆ ಅಂಟಿಸಿದ ಚೀಟಿ ಇದ್ದ ಹಾಗೆ, ಒಳಗೆ ಏನಿದೆ ಅಂತ ನಮಗೆ ತಿಳಿಯಲಿ ಅಂತ ಇರುವುದು.

ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ವಿಷಯ ಮೂಲ. ಒಂದು ಷೇರಿಗೆ ಒಂದು ಕರೆನ್ಸಿಯಲ್ಲಿ ದಿನಕ್ಕೆ ಒಂದೇ ಬೆಲೆ ಉಳಿಯುತ್ತದೆ. ಎರಡು ಬಂದರೆ ಯಾರ ಮಾತು ನಡೆಯಬೇಕು? ಬೆಲೆಯ ಪಟ್ಟಿಯಲ್ಲಿ ಕೈಯಾರೆ ಬರೆದದ್ದಕ್ಕೆ ಮೊದಲ ಮಣೆ. ಆಮೇಲೆ ಆನ್‌ಲೈನ್‌ನಿಂದ ತಂದದ್ದು. ಖಾತೆಯಲ್ಲಿ ಕೊಂಡು ಮಾರಿದ್ದರಿಂದ ಹುಟ್ಟಿದ ಬೆಲೆ ಅವೆರಡರ ನಂತರ. ಅಂದರೆ ನಾವು ಒಮ್ಮೆ ಕೈಯಲ್ಲಿ ಬರೆದ ತಪ್ಪನ್ನು ಆನ್‌ಲೈನ್ ಬೆಲೆ ಬಂದು ಸರಿಮಾಡುವುದಿಲ್ಲ. ನಾವೇ ಹೋಗಿ ಅಳಿಸಬೇಕು.

ಹಾಗಾದರೆ ವಿಧ ಬರೆಯದಿದ್ದರೂ ನಡೆಯುತ್ತಾ? ತಂತ್ರಾಂಶಕ್ಕೆ ನಡೆಯುತ್ತದೆ, ನಮಗೆ ನಡೆಯುವುದಿಲ್ಲ. ಆ ಸಾಲಿನಲ್ಲಿ ಆಸ್ಕ್ ಅಂತ ಇದ್ದಿದ್ದರೆ ದೊಡ್ಡಪ್ಪ ಮೂರು ದಿನ ಕೂಡಿ ಕಳೆಯುವ ಬದಲು ಮೂರು ನಿಮಿಷದಲ್ಲಿ ತಪ್ಪು ಹಿಡಿಯುತ್ತಿದ್ದರು. ತಂತ್ರಾಂಶ ನೋಡುವುದಿಲ್ಲ ಅನ್ನುವ ಕಾರಣಕ್ಕೇ ನಾವು ನೋಡಬೇಕು.

ಮಾರ್ಚ್ 31ರ 48.00 ಅಳಿಸಿದೆವು. ಮಾರ್ಚ್ 28ಕ್ಕೆ 42.10 ಹಾಕಿದೆವು, ಲಾಸ್ಟ್. ಸಿಮೆಂಟ್ ಷೇರಿನ 1,839.20ನ್ನು 1,846.00 ಮಾಡಿದೆವು, ಲಾಸ್ಟ್. ಫಂಡಿಗೆ ಮಾರ್ಚ್ 28ರ 83.10, ಎನ್‌ಎವಿ. ವರದಿ ತೆಗೆದರೆ 6,03,865.75. ದೊಡ್ಡಪ್ಪ ಸ್ಟೇಟ್‌ಮೆಂಟನ್ನು ಪರದೆಯ ಪಕ್ಕ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ಓದಿದರು.

ಹಳೆಯ ಗ್ರಾಫಿನಲ್ಲಿ ಅರ್ಧವಾದ ಆಸ್ತಿ

ಬೆಲೆಯ ಪಟ್ಟಿ ತೆರೆದಿದ್ದರಿಂದ ನಾವು ಹುಡುಕದೇ ಇದ್ದ ಇನ್ನೊಂದು ತಪ್ಪೂ ಸಿಕ್ಕಿತು. ದೊಡ್ಡಪ್ಪ 2016ರಲ್ಲಿ 100 ಇನ್ಫೋಸಿಸ್ ಷೇರು ಕೊಂಡಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಬಂದು 200 ಆಯಿತು. 2021ರ ಜನವರಿಯಲ್ಲಿ ಎಲ್ಲವನ್ನೂ ಮಾರಿದರು. ಗ್ನೂಕ್ಯಾಶ್ ತೋರಿಸುವ ಅವರ ಆಸ್ತಿಯ ಗ್ರಾಫಿನಲ್ಲಿ 2016ರ ಕೊನೆಗೆ ಈ ಷೇರುಗಳ ಬೆಲೆ ಐವತ್ತು ಸಾವಿರದ ಆಸುಪಾಸು ಇತ್ತು. ಆಗ ಒಂದು ಷೇರಿಗೆ ಸಾವಿರದ ಹತ್ತಿರ ಇದ್ದದ್ದು ನನಗೂ ನೆನಪಿದೆ. 100 ಷೇರಿಗೆ ಒಂದು ಲಕ್ಷ ಆಗಬೇಕು. ಬೋನಸ್ ಬಂದ ದಿನ ಗ್ರಾಫ್ ದಿಢೀರನೆ ಎರಡರಷ್ಟಾಗಿತ್ತು. ಬೋನಸ್‌ನಿಂದ ಯಾರೂ ಒಂದೇ ದಿನದಲ್ಲಿ ಎರಡರಷ್ಟು ಶ್ರೀಮಂತರಾಗುವುದಿಲ್ಲ. ಷೇರು ಎರಡಾಗುತ್ತದೆ, ಬೆಲೆ ಅರ್ಧವಾಗುತ್ತದೆ.

ಆದದ್ದು ಇಷ್ಟು. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹಳೇ ಬೆಲೆಗಳನ್ನು ಒಂದು ವೆಬ್‌ಸೈಟಿನಿಂದ ಇಳಿಸಿ ಒಟ್ಟಿಗೆ ಸೇರಿಸಿದ್ದ. ಅಂಥ ಪಟ್ಟಿಗಳಲ್ಲಿ ಹಳೆಯ ಬೆಲೆಯನ್ನು ಬೋನಸ್‌ಗೆ ಹೊಂದಿಸಿ ಬರೆದಿರುತ್ತಾರೆ. 2018ರ ಒಂದಕ್ಕೊಂದು ಬೋನಸ್ ಆದದ್ದರಿಂದ ಅದಕ್ಕೂ ಹಿಂದಿನ ಬೆಲೆಯೆಲ್ಲ ಅರ್ಧ. ಗ್ರಾಫ್ ನಯವಾಗಿ ಬರಲಿ ಅಂತ ಅವರು ಹಾಗೆ ಮಾಡುವುದು, ಅದು ಮೋಸವಲ್ಲ. ಆದರೆ ಗ್ನೂಕ್ಯಾಶ್‌ನಲ್ಲಿ ಷೇರಿನ ಸಂಖ್ಯೆ ಆಯಾ ದಿನದ್ದೇ ಇರುತ್ತದೆ. ದೊಡ್ಡಪ್ಪ ಬೋನಸ್ಸನ್ನು 2018ಕ್ಕೇ ಸರಿಯಾಗಿ ಬರೆದಿದ್ದರು. 2016ರ 100 ಷೇರನ್ನು ಹೊಂದಿಸಿದ ಅರ್ಧ ಬೆಲೆಗೆ ಗುಣಿಸಿದರೆ ಆಸ್ತಿಯೂ ಅರ್ಧ. ಇಲ್ಲಿ ಬೇಕಾದದ್ದು ಆ ದಿನ ನಿಜವಾಗಿ ನಡೆದ ಬೆಲೆ. ಅದು ಭಾವ್‌ಕಾಪಿಯಲ್ಲಿ ಬದಲಾಗದೆ ಹಾಗೇ ಇರುತ್ತದೆ.

ಇದು ಬರೀ ಗ್ರಾಫಿನ ಅಂದದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2018ರ ಬಜೆಟ್‌ನಲ್ಲಿ ಷೇರು ಮಾರಿ ಬಂದ ದೀರ್ಘಾವಧಿ ಲಾಭಕ್ಕೆ ಮತ್ತೆ ತೆರಿಗೆ ಬಂದಾಗ, ಹಳೆಯ ಷೇರುಗಳಿಗೆ ಕೊಂಡ ಬೆಲೆಯ ಬದಲು 2018ರ ಜನವರಿ 31ರ ಬೆಲೆ ಹಿಡಿಯಲು ಅವಕಾಶ ಕೊಟ್ಟರು. ಅದೂ ಕ್ಲೋಸಿಂಗ್ ಅಲ್ಲ, ಕೊನೆಯ ವ್ಯಾಪಾರವೂ ಅಲ್ಲ, ಆ ದಿನ ಎಕ್ಸ್‌ಚೇಂಜಿನಲ್ಲಿ ನಡೆದ ಗರಿಷ್ಠ ಬೆಲೆ. ಆ ಬೆಲೆಯನ್ನೂ ಮಾರಿದ ಬೆಲೆಯನ್ನೂ ಹೋಲಿಸಿ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಕು. ಅದು ಕೊಂಡ ಬೆಲೆಗಿಂತ ಜಾಸ್ತಿ ಇದ್ದರೆ ಅದೇ ನಮ್ಮ ಅಸಲು. ಹೊಂದಿಸಿದ ಅರ್ಧ ಬೆಲೆಯನ್ನು ಅಲ್ಲಿ ಹಾಕಿದ್ದರೆ ದೊಡ್ಡಪ್ಪ ಈ ಅವಕಾಶವನ್ನೇ ಕಳೆದುಕೊಂಡು ಜಾಸ್ತಿ ತೆರಿಗೆ ಕಟ್ಟುತ್ತಿದ್ದರು. ಜನವರಿ 31ರ ನಂತರ ಬಂದ ಬೋನಸ್ ಷೇರಿನ ಅಸಲು ಸೊನ್ನೆ, ಅದಕ್ಕೆ ಈ ಅವಕಾಶ ಇಲ್ಲ. ಪುಣ್ಯಕ್ಕೆ ಆ ವರ್ಷದ ರಿಟರ್ನ್ ಮಾಡಿದ ಆಡಿಟರ್ ಸರಿಯಾದ ಬೆಲೆಯನ್ನೇ ಹಾಕಿದ್ದರು. ಕಡತ ತೆಗೆದು ನೋಡಿ ಇಬ್ಬರೂ ನಿಟ್ಟುಸಿರು ಬಿಟ್ಟೆವು.

ಗರಿಷ್ಠ ಬೆಲೆಗೂ ಗ್ನೂಕ್ಯಾಶ್‌ನಲ್ಲಿ ವಿಧ ಇಲ್ಲ. ಅದನ್ನು ಆ ದಿನದ ಬೆಲೆಯಾಗಿ ಸೇರಿಸಲು ಹೋಗಬೇಡಿ. ದಿನಕ್ಕೆ ಒಂದೇ ಬೆಲೆ ಆದ್ದರಿಂದ ಕ್ಲೋಸಿಂಗ್ ಹೊರಟುಹೋಗುತ್ತದೆ. ನಾವು ಅದನ್ನು ಷೇರಿನ ಖಾತೆಯ ಟಿಪ್ಪಣಿಯಲ್ಲಿ ಬರೆದಿಟ್ಟೆವು.

ಹಂಚುವಾಗ ಯಾವ ಬೆಲೆ?

ಲೆಕ್ಕ ಕೂಡಿತು, ಹಂಚುವ ಮಾತು ಉಳಿಯಿತು. ದೊಡ್ಡಪ್ಪನ ಯೋಚನೆ ಹೀಗಿತ್ತು: ಫಂಡುಗಳು ಅಕ್ಕನಿಗೆ, ಷೇರುಗಳು ಅಣ್ಣನಿಗೆ, ಕಡಿಮೆ ಬಿದ್ದದ್ದನ್ನು ನಗದಿನಲ್ಲಿ ಸರಿತೂಗಿಸುವುದು. ನೋಡಲು ಸುಲಭ. ಆದರೆ ಸಣ್ಣ ಕಂಪನಿಯ ಷೇರಿನ ಬಗ್ಗೆ ನನಗೆ ಒಪ್ಪಿಗೆ ಇರಲಿಲ್ಲ. ಸ್ಟೇಟ್‌ಮೆಂಟ್ ಪ್ರಕಾರ ಅದು 25,260 ರೂಪಾಯಿ. ಅಣ್ಣ ಅದನ್ನು ಮಾರಲು ಹೋದರೆ? ಮಾರ್ಚ್ 28ರ ಡೈರಿ ಪುಟದಲ್ಲಿ 41.20ರ ಪಕ್ಕ ಸಣ್ಣದಾಗಿ 150 ಅಂತ ಇತ್ತು. ಆ ಬೆಲೆಗೆ ಬೇಕು ಅಂದವರು 150 ಷೇರಿಗೆ ಮಾತ್ರ. ಉಳಿದ 450ಕ್ಕೆ ಇನ್ನೂ ಕೆಳಗೆ ಇಳಿಯಬೇಕು. ಕೈಗೆ ದುಡ್ಡು ಬರುವ ಮಾತಾದರೆ ಬಿಡ್ ಬೆಲೆ ನೋಡಬೇಕು, ಎಷ್ಟು ಷೇರಿಗೆ ಅನ್ನುವುದನ್ನೂ ನೋಡಬೇಕು. ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಲು ಕ್ಲೋಸಿಂಗ್ ಸರಿ. ಒಡಹುಟ್ಟಿದವರ ನಡುವೆ ಪಾಲು ಮಾಡಲು ಅದು ಸಾಲದು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಹಂಗಾದ್ರೆ ಬೆಲೆ ಹಿಡಿಯೋದೇ ಬೇಡ. ಪ್ರತಿಯೊಂದರಲ್ಲೂ ಅರ್ಧ ಅವಳಿಗೆ, ಅರ್ಧ ಅವನಿಗೆ," ಎಂದರು. 300 ಷೇರು ಅಕ್ಕನಿಗೆ, 300 ಅಣ್ಣನಿಗೆ. ಸಿಮೆಂಟ್ 60, 60. ಫಂಡುಗಳೂ ಹಾಗೆಯೇ. ಅವರು ಹೇಳಿದ್ದೇ ಸರಿ ಅನ್ನಿಸಿತು, ಉಯಿಲಿನಲ್ಲೂ ಹಾಗೇ ಬರೆಸಿದರು.

ಬೆಲೆಯ ಪಟ್ಟಿಯನ್ನು ಮಾತ್ರ ಅವರು ಬಿಡಲಿಲ್ಲ. ಫಂಡುಗಳಿಗೆ ಆಂಫಿಯಿಂದ, ಅಂದರೆ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘದಿಂದ, ಎನ್‌ಎವಿ ಬರುವ ಹಾಗೆ ಮಾಡಿಕೊಟ್ಟು ಬಂದೆ. ಜೂನ್ 30 ಮತ್ತೆ ಭಾನುವಾರವೇ ಬಿತ್ತು. ಹಿಂದಿನ ವಹಿವಾಟು ಶುಕ್ರವಾರ 28, ಮುಂದಿನದು ಸೋಮವಾರ ಜುಲೈ 1. ಎರಡು ದಿನ ಹಿಂದೆ, ಒಂದು ದಿನ ಮುಂದೆ, ಅದೇ ಹಳ್ಳ. ಈ ಸಲ ನಾನು ಹೋಗಲಿಲ್ಲ. ಶುಕ್ರವಾರ ಸಂಜೆ ಆರರ ಮೇಲೆ ಷೇರಿನ ಬೆಲೆ ತರಿಸಿ, ಭಾವ್‌ಕಾಪಿ ತೆರೆದು ಕ್ಲೋಸಿಂಗ್ ತಿದ್ದಿದ್ದರು. ಎನ್‌ಎವಿ ರಾತ್ರಿ ಹನ್ನೊಂದರವರೆಗೂ ಬರುತ್ತಿರುತ್ತದೆ ಅಂತ ಫಂಡಿನದನ್ನು ಶನಿವಾರ ಬೆಳಿಗ್ಗೆ ತರಿಸಿದ್ದರು. ಜುಲೈನಲ್ಲಿ ಸ್ಟೇಟ್‌ಮೆಂಟ್ ಬಂದ ದಿನ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಡೈರಿಯ ಪುಟ. ಪ್ರತಿ ಬೆಲೆಯ ಪಕ್ಕ ಅವರ ದುಂಡು ಅಕ್ಷರದಲ್ಲಿ ಕ್ಲೋಸಿಂಗ್, ಎನ್‌ಎವಿ, ಬಿಡ್ 200ಕ್ಕೆ. ಕೆಳಗೆ ಒಟ್ಟು, ಅದರ ಕೆಳಗೆ ಎರಡು ಗೆರೆ.